ಹಳೇ ಸಿಪ್ಯಾಪ್ ಮಷಿನ್ ಬದಲಾಯಿಸೋಕೆ ಇನ್ಶೂರೆನ್ಸ್ ದುಡ್ಡು ತಗೊಳ್ಳೋದು ಹೆಂಗೆ: ದಾವಣಗೆರೆ ಗೊರಕೆಯವನೊಬ್ಬನ ಲೆಕ್ಕಾಚಾರ

ಬೇಸಿಗೇಲಿ ಒಂದು ರಾತ್ರಿ ನಮ್ಮ ಮನೆಯವ್ರು ನನ್ನ ಭುಜ ಅಲ್ಲಾಡಿಸಿ "ಏನ್ರಿ, ನಿಮ್ಮ ಮಷಿನ್ನಾಗ ಮಂಡಕ್ಕಿ ಹುರಿದಂಗೆ ಸದ್ದು ಬರ್ತೈತಿ" ಅಂದ್ರು. ಕಿವಿಗೊಟ್ಟು ಕೇಳಿದೆ, ಹೌದು, ಚರಚರ ಅಂತಿತ್ತು. ಸಿಪ್ಯಾಪ್ ಅಂದ್ರೆ ನಿದ್ದೇಲಿ ಉಸಿರು ನಿಂತು ನಿಂತು ಹೋಗೋ ಸ್ಲೀಪ್ ಆಪ್ನಿಯಾ ಕಾಯಿಲೆಗೆ ಮಾಸ್ಕಿನಿಂದ ಒತ್ತಡದಲ್ಲಿ ಗಾಳಿ ಕೊಡೋ ಮಷಿನ್. 2017ರಲ್ಲಿ ತಗೊಂಡಿದ್ದು, ಎಂಟು ವರ್ಷ ಒಂದೇ ಸಮ ಓಡಿದೆ, ಅದಕ್ಕೂ ಸಾಕಾಗಿತ್ತು ಅನ್ಸುತ್ತೆ. ಮಾರನೇ ದಿನದಿಂದ ಹೊಸ ಮಷಿನ್‌ಗೆ ಇನ್ಶೂರೆನ್ಸ್ ಕೊಡುತ್ತಾ ಅಂತ ಕೇಳೋಕೆ ಶುರು ಮಾಡಿದ್ನಲ್ಲ, ಡೀಲರ್ "ಇಲ್ಲ ಸಾರ್" ಅಂದ, ಏಜೆಂಟ್ ಒಬ್ರು "ಅದೆಲ್ಲಾ ಬರಲ್ಲ ಬಿಡಿ" ಅಂದ್ರು, ನಾನು ಕೆಲಸ ಮಾಡೋ ಬ್ಯಾಂಕ್ ಬ್ರಾಂಚಲ್ಲೇ ಇರೋ ಸೀನಿಯರ್ ಕೂಡ ನಕ್ಕುಬಿಟ್ರು. ನಾಲ್ಕು ತಿಂಗಳಾದ ಮೇಲೆ 54,000 ನನ್ನ ಅಕೌಂಟಿಗೆ ಬಂತು. ಒಂದು ಸಲ ರಿಜೆಕ್ಟ್ ಆಗಿ, ಜಗಳ ಆಡಿ, ಆಮೇಲೆ ಬಂತು. ಹೆಂಗೆ ಬಂತು, ಎಲ್ಲಿ ಎಡವಿದೆ ಅನ್ನೋದನ್ನ ಇಲ್ಲಿ ಬರೀತಿದ್ದೀನಿ, ಎಲ್ಲರಿಗೂ ಬರುತ್ತೆ ಅಂತ ಮಾತ್ರ ಹೇಳಲ್ಲ, ಯಾಕಂದ್ರೆ ಅದು ನಿಮ್ಮ ಪಾಲಿಸಿ ಮೇಲೆ ನಿಂತಿರೋ ವಿಷಯ.

ಒಂದು ಮಾತು ಮೊದ್ಲೇ ಹೇಳಿಬಿಡ್ತೀನಿ. "ಮಷಿನ್ ಹಳೇದಾಯ್ತು" ಅಂತ ಬರೆದ್ರೆ ಯಾವ ಕಂಪನಿನೂ ಒಂದು ರೂಪಾಯಿ ಕೊಡಲ್ಲ. ಅವರಿಗೆ ಮಷಿನ್ ವಯಸ್ಸು ಬೇಕಿಲ್ಲ, ನಿಮ್ಮ ಕಾಯಿಲೆ ಇವತ್ತಿಗೂ ಇದೆ, ಇರೋ ಮಷಿನ್ ಅದನ್ನ ತಡೀತಾ ಇಲ್ಲ, ಪಾಲಿಸೀಲಿ ಇಂಥಾ ಸಾಲಲ್ಲಿ ಇದಕ್ಕೆ ಜಾಗ ಇದೆ, ಈ ಮೂರು ಬೇಕು. ನಾನು ಮೊದಲನೇ ಸಲ ಸೋತಿದ್ದೇ ಇಲ್ಲಿ, ಅರ್ಜೀಲಿ ಎಂಟು ವರ್ಷ ಎಂಟು ವರ್ಷ ಅಂತ ನಾಲ್ಕು ಸಲ ಬರೆದಿದ್ದೆ.

ಯೂಟ್ಯೂಬ್ ನೋಡಿ ಮೋಸ ಹೋಗ್ಬೇಡಿ

ಸಿಪ್ಯಾಪ್ ರಿಪ್ಲೇಸ್ಮೆಂಟ್ ಅಂತ ಹುಡುಕಿದ್ರೆ ಸಿಗೋದೆಲ್ಲಾ ಅಮೆರಿಕದ್ದು. ಅಲ್ಲಿ ಮೆಡಿಕೇರ್ ಅಂತ ಸರ್ಕಾರದ ಇನ್ಶೂರೆನ್ಸ್, ಮೊದಲು 13 ತಿಂಗಳು ಬಾಡಿಗೆ ಕಟ್ಟಿ ಆಮೇಲೆ ಮಷಿನ್ ಪೇಷೆಂಟ್‌ದು ಆಗುತ್ತೆ, ಐದು ವರ್ಷ ಆದ್ಮೇಲೆ ಹೊಸದು ಕೇಳಬಹುದು. ರಾತ್ರಿಗೆ 4 ಗಂಟೆ, 30 ದಿನದಲ್ಲಿ ನೂರಕ್ಕೆ 70 ರಾತ್ರಿ ಹಾಕ್ಕೊಂಡಿರ್ಬೇಕು ಅನ್ನೋ ಲೆಕ್ಕನೂ ಅಲ್ಲಿಂದಲೇ ಬಂದಿದ್ದು. ನಮ್ಮಲ್ಲಿ ಐದು ವರ್ಷದ ಹಕ್ಕು ಅನ್ನೋದನ್ನ ಹಿಡ್ಕೊಂಡು ಟಿಪಿಎ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡೋ ಏಜೆನ್ಸಿ) ಹತ್ರ ವಾದ ಮಾಡಿದ್ರೆ ಅವರು ಮುಖ ನೋಡ್ತಾರಷ್ಟೇ. ಆದ್ರೆ 4 ಗಂಟೆ ಲೆಕ್ಕ ಮಾತ್ರ ಇಲ್ಲಿನ ಡಾಕ್ಟರ್‌ಗಳಿಗೂ ಗೊತ್ತಿದೆ, ಅದನ್ನ ಮುಂದೆ ಉಪಯೋಗಿಸ್ಕೊಳ್ಳೋಣ.

ಮೊದಲು ಮಷಿನ್ನಿನ ಜಾತಕ ತೆಗೀರಿ

ಮಷಿನ್ ತಳಭಾಗದಲ್ಲಿ ಸೀರಿಯಲ್ ನಂಬರ್ ಇರುತ್ತೆ, ಫೋಟೋ ತೆಗೀರಿ. ಆಮೇಲೆ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ನೋಡ್ಬೇಕು, ಸುಮಾರು ಮಷಿನ್‌ಗಳಲ್ಲಿ ಇದು ಡಾಕ್ಟರ್‌ಗೆ ಅಂತ ಇಟ್ಟಿರೋ ಮೆನುವಲ್ಲಿ ಸಿಗುತ್ತೆ, ಡೀಲರ್ ತೋರಿಸ್ತಾನೆ. ನನ್ನದು 20,000 ಗಂಟೆ ಹತ್ರ ಬಂದಿತ್ತು. ಲೆಕ್ಕ ಹಾಕಿ ನೋಡ್ರಿ, ದಿನಕ್ಕೆ 7 ಗಂಟೆ ಅಂದ್ರೆ ವರ್ಷಕ್ಕೆ 2,500 ಚಿಲ್ಲರೆ, ಎಂಟು ವರ್ಷಕ್ಕೆ 20,000. ರೆಸ್‌ಮೆಡ್ ಏರ್‌ಸೆನ್ಸ್ 10 ಇಟ್ಕೊಂಡವರಿಗೆ ಹೆಚ್ಚುಕಮ್ಮಿ ಇಷ್ಟು ಗಂಟೆ ಆದಾಗ ಮೋಟಾರ್ ಲೈಫ್ ಮುಗೀತು ಅಂತ ಸ್ಕ್ರೀನ್ ಮೇಲೇ ಮೆಸೇಜ್ ಬರುತ್ತೆ. ಬಂದ ತಕ್ಷಣ ಮಷಿನ್ ನಿಲ್ಲಲ್ಲ, ಗಾಬರಿ ಬೇಡ, ಆದ್ರೆ ಆ ಸ್ಕ್ರೀನಿನ ಫೋಟೋ ಬಂಗಾರ ಇದ್ದಂಗೆ, ತಕ್ಷಣ ತೆಗೆದಿಟ್ಕೊಳ್ಳಿ. ಅದರ ಯೂಸರ್ ಗೈಡಲ್ಲೇ ಮಷಿನ್ನಿನ ಡಿಸೈನ್ ಲೈಫ್ 5 ವರ್ಷ ಅಂತ ಪ್ರಿಂಟ್ ಮಾಡಿದ್ದಾರೆ, ಪೈಪಿಗೆ 6 ತಿಂಗಳು. ನಿಮ್ಮ ಮಷಿನ್ ಯಾವುದೇ ಇರಲಿ, ಗೈಡಲ್ಲಿ ಆ ಪುಟ ಹುಡುಕಿ ಝೆರಾಕ್ಸ್ ಇಟ್ಕೊಳ್ಳಿ.

ಫಿಲಿಪ್ಸ್ ಡ್ರೀಮ್‌ಸ್ಟೇಷನ್ ಮೊದಲನೇ ಮಾಡೆಲ್ ಇರೋರು ಇನ್ನೊಂದು ಕೆಲಸ ಮಾಡಿ. 2021ರ ಜೂನ್‌ನಲ್ಲಿ ಆ ಕಂಪನಿ ಲಕ್ಷಾಂತರ ಮಷಿನ್ ವಾಪಸ್ ಕರೀತು, ಒಳಗೆ ಸದ್ದು ತಡೆಯೋಕೆ ಇಟ್ಟಿದ್ದ ಫೋಮ್ ಪುಡಿಪುಡಿ ಆಗಿ ಉಸಿರಿನ ದಾರೀಲಿ ಬರಬಹುದು ಅಂತ. ನಿಮ್ಮ ಸೀರಿಯಲ್ ನಂಬರ್ ಆ ಲಿಸ್ಟಲ್ಲಿದೆಯಾ ಅಂತ ಕಂಪನಿ ಹತ್ರ ಮೊದಲು ವಿಚಾರಿಸಿ, ಇದ್ರೆ ಇನ್ಶೂರೆನ್ಸ್‌ಗಿಂತ ಅದೇ ಹತ್ತಿರದ ದಾರಿ.

ಪಾಲಿಸಿ ಓದೋದು, ಇದೇ ಅರ್ಧ ಕೆಲಸ

ಬೇಜಾರಿನ ಕೆಲಸ ಅಂತ ಗೊತ್ತು, ಆದ್ರೂ ಓದ್ಲೇಬೇಕು. ಪಿಡಿಎಫ್ ತೆಗೆದು ಸಿಪ್ಯಾಪ್, ಬೈಪ್ಯಾಪ್ (ಇದೇ ಜಾತಿಯ ಇನ್ನೊಂದು ಮಷಿನ್), ಡ್ಯೂರಬಲ್, ಸ್ಲೀಪ್ ಈ ನಾಲ್ಕು ಪದ ಹುಡುಕಿ, ಬರೋ ಜಾಗಗಳಿಗೆಲ್ಲಾ ಹೈಲೈಟರ್ ಎಳೀರಿ.

ನಾವು ಏಜೆಂಟ್ ಹತ್ರ ಮನೆಗೆ ಅಂತ ಮಾಡಿಸೋ ರಿಟೇಲ್ ಪಾಲಿಸಿಗಳಲ್ಲಿ ಬಹಳಷ್ಟಕ್ಕೆ ಬಾಗಿಲು ಮುಚ್ಚಿರುತ್ತೆ. ಮೈ ಹೊರಗೆ ಬಳಸೋ ಡ್ಯೂರಬಲ್ ಮೆಡಿಕಲ್ ಇಕ್ವಿಪ್ಮೆಂಟ್ (ಬಹಳ ಕಾಲ ಬಾಳೋ ಉಪಕರಣ), ಸಿಪ್ಯಾಪ್, ಔಷಧಿ ಹನಿಸೋ ಇನ್ಫ್ಯೂಷನ್ ಪಂಪ್ ಇವೆಲ್ಲಾ ಸೇರಲ್ಲ ಅಂತ ಒಂದು ಸಾಲು ಇರುತ್ತೆ. ಕೆಲವರ ಪಾಲಿಸೀಲಿ ಸ್ಲೀಪ್ ಆಪ್ನಿಯಾ ಚಿಕಿತ್ಸೇನೇ ಸೇರಿಲ್ಲ ಅಂತಾನೂ ಇರುತ್ತೆ. ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಣ ಸಂಸ್ಥೆ) ಮಾಡಿರೋ ಪಟ್ಟಿಗಳಲ್ಲಿ ನಾಲ್ಕನೇದರಲ್ಲಿ ಬೈಪ್ಯಾಪ್, ಸಿಪ್ಯಾಪ್ ಹೆಸರು ಇದೆ, ಆದ್ರೆ ಅದರ ಅರ್ಥ ಬೇರೆ, ಆಸ್ಪತ್ರೇಲಿ ಅಡ್ಮಿಟ್ ಆಗಿದ್ದಾಗ ಹಾಕಿದ ಮಷಿನ್ನಿಗೆ ಆಸ್ಪತ್ರೆ ಬೇರೆ ಚಾರ್ಜ್ ಹಾಕೋ ಹಂಗಿಲ್ಲ, ಚಿಕಿತ್ಸೆ ಖರ್ಚಲ್ಲೇ ಸೇರಬೇಕು ಅಂತ. ಮನೆಗೆ ಕೊಳ್ಳೋ ಮಷಿನ್ನಿಗೂ ಅದಕ್ಕೂ ಸಂಬಂಧ ಇಲ್ಲ. ಇದನ್ನ ಎರಡೂ ಕಡೆಯವರು ತಪ್ಪಾಗಿ ಓದ್ತಾರೆ, ಕೆಲವರು ಇದು ತೋರಿಸಿ ಕೊಡಿ ಅಂತಾರೆ, ಕಂಪನಿಯವರು ಇದೇ ತೋರಿಸಿ ಇಲ್ಲ ಅಂತಾರೆ.

ಈಗೀಗ ಕೆಲವು ಕಂಪನಿಗಳು ಡ್ಯೂರಬಲ್ ಮೆಡಿಕಲ್ ಇಕ್ವಿಪ್ಮೆಂಟ್ ಕವರ್ ಅಂತ ಆಡ್-ಆನ್ ಮಾರ್ತಿವೆ. ಈಗಾಗ್ಲೇ ಮಷಿನ್ ಹಾಕ್ಕೊಳ್ಳೋರು ಅದನ್ನ ಸೇರಿಸ್ಕೊಂಡ್ರೆ ಹಳೇ ಕಾಯಿಲೆ ಅಂತ ವೇಟಿಂಗ್ ಪೀರಿಯಡ್ (ಅಲ್ಲಿವರೆಗೆ ಕ್ಲೇಮ್ ಇಲ್ಲ) ಹಾಕ್ತಾರೆ, 2024ರಿಂದ ಅದು ಜಾಸ್ತಿ ಅಂದ್ರೆ 3 ವರ್ಷ. ಮೂರು ವರ್ಷ ಮಷಿನ್ ತಡೆಯುತ್ತೆ ಅನ್ನೋರಿಗೆ ಇದು ಪರವಾಗಿಲ್ಲ. ಆದ್ರೆ ಪ್ರಪೋಸಲ್ ಫಾರಂನಲ್ಲಿ ಸ್ಲೀಪ್ ಆಪ್ನಿಯಾ ಇದೆ ಅಂತ ಬರೀರಪ್ಪಾ. ನಮ್ಮ ಕಡೆ ಗೊರಕೇನ ಕಾಯಿಲೆ ಅಂತ ಯಾರೂ ಅಂದ್ಕೊಳ್ಳಲ್ಲ, "ನಮ್ಮಪ್ಪನೂ ಹೊಡೀತಿದ್ದ" ಅಂದು ಮುಗಿಸ್ತಾರೆ, ಆಮೇಲೆ ಹಾರ್ಟಿನ ಕ್ಲೇಮ್ ಹಾಕಿದಾಗ ಹಳೇ ಸ್ಲೀಪ್ ಸ್ಟಡಿ ಹೊರಗೆ ಬಂದು ಅದೂ ಹೋಗುತ್ತೆ.

ಈಗ ನನ್ನ ವಿಷಯ. ನಾನು ಸರ್ಕಾರಿ ಬ್ಯಾಂಕಿನ ನೌಕರ. 2015ರ ಮೇ 25ಕ್ಕೆ ಸಹಿ ಆದ ಹತ್ತನೇ ಬೈಪಾರ್ಟೈಟ್ ಸೆಟಲ್ಮೆಂಟಲ್ಲಿ (ಬ್ಯಾಂಕುಗಳಿಗೂ ನೌಕರರ ಯೂನಿಯನ್ನುಗಳಿಗೂ ಆಗೋ ಸಂಬಳದ ಒಪ್ಪಂದ) ನಮಗೆ ಗ್ರೂಪ್ ಮೆಡಿಕಲ್ ಸ್ಕೀಮ್ ಬಂತು, ಆಫೀಸರ್‌ಗೆ 4 ಲಕ್ಷ, ಕ್ಲರ್ಕ್ ಮತ್ತು ಸಬ್‌ಸ್ಟಾಫ್‌ಗೆ 3 ಲಕ್ಷ. ಅದರ ಒಳಗೆ ಒಂದು ಕಲಂ ಇದೆ. ಸಿಪ್ಯಾಪ್, ಬೈಪ್ಯಾಪ್, ಇನ್ಫ್ಯೂಷನ್ ಪಂಪ್ ಥರದ ಉಪಕರಣದ ಬಾಡಿಗೆ ಕೊಡ್ತೀವಿ ಅಂತ ಮೊದಲು ಬರುತ್ತೆ, ಅದರ ಬೆನ್ನಿಗೇ, ಮನೇಲಿ ಬಳಸೋಕೆ ಇವನ್ನ ಕೊಂಡುಕೊಂಡ್ರೆ ಡಾಕ್ಟರ್ ಸಲಹೆ ಮೇಲೆ ವಿಶೇಷ ಸಂದರ್ಭದಲ್ಲಿ ಅದನ್ನೂ ಕೊಡ್ತೀವಿ ಅಂತ ಇದೆ. 2017ರಲ್ಲಿ ನಾನು ಇದನ್ನ ಓದಿರಲಿಲ್ಲ. ಪಿಎಫ್ ಲೋನ್ ತೆಗೆದು 48,000 ಕೈಯಿಂದ ಕೊಟ್ಟೆ, ಸ್ಕೀಮ್ ಬಂದು ಎರಡು ವರ್ಷ ಆಗಿತ್ತು, ಸರ್ಕ್ಯುಲರ್ ನನ್ನ ಡ್ರಾಯರಲ್ಲೇ ಬಿದ್ದಿತ್ತು. ಬ್ಯಾಂಕಿನವರು, ರಿಟೈರ್ ಆದವರು ನಿಮ್ಮ ಈ ವರ್ಷದ ಪಾಲಿಸಿ ಕಾಪಿ ತರಿಸ್ಕೊಂಡು ಆ ಕಲಂ ಯಾವ ನಂಬರಲ್ಲಿದೆ ನೋಡಿ, ರಿನ್ಯೂವಲ್ ಆದಾಗೆಲ್ಲಾ ಹೊಸ ಕಾಪಿ ಕೇಳಿ. ಬೇರೆ ಕಂಪನಿ ಕೆಲಸದಲ್ಲಿ ಇರೋರು, ಅಥವಾ ಮಗ ಬೆಂಗಳೂರಲ್ಲಿ ಐಟಿ ಕೆಲಸದಲ್ಲಿದ್ದು ಅವನ ಗ್ರೂಪ್ ಪಾಲಿಸೀಲಿ ಹೆಸರು ಇರೋ ತಂದೆತಾಯಿ, ಎಚ್‌ಆರ್ ಹತ್ರ ಇದೇ ಪ್ರಶ್ನೆ ಈಮೇಲಲ್ಲಿ ಕೇಳಿಸಿ. ಗ್ರೂಪ್ ಪಾಲಿಸಿ ಅಂದ್ರೆ ಕಂಪನಿ ಚೌಕಾಸಿ ಮಾಡಿ ತಗೊಂಡಿರೋದು, ಒಂದೊಂದು ಒಂದೊಂದು ಥರ ಇರುತ್ತೆ.

ಉಳಿದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ಸೆಂಟ್ರಲ್ ಗೌರ್ಮೆಂಟ್ ಸಿಜಿಎಚ್‌ಎಸ್ ಇರೋರಿಗೆ ಸಿಪ್ಯಾಪ್ ಸಿಗುತ್ತೆ, ಸ್ಪೆಷಲಿಸ್ಟ್ ಬರಹ, ಮುಂಚೆನೇ ಪರ್ಮಿಷನ್, ಸೀಲಿಂಗ್ ರೇಟ್ ಅಂತ ಅದರದ್ದೇ ದಾರಿ, ಕೊಂಡುಕೊಂಡು ಆಮೇಲೆ ಹೋಗ್ಬೇಡಿ. ರಾಜ್ಯ ಸರ್ಕಾರಿ ನೌಕರರು ಅಂಗಡಿಗೆ ಹೋಗೋ ಮೊದಲು ಸಂಬಳದ ಬಿಲ್ ಮಾಡೋ ನಿಮ್ಮ ಡಿಡಿಓ ಹತ್ರ ಕೂತು ಮಾತಾಡಿ. ಮಿಲ್ಲು, ಫ್ಯಾಕ್ಟರಿ ಕೆಲಸದವರು, ಸಂಬಳ 21,000 ಒಳಗಿದ್ದು ಇಎಸ್‌ಐ ಕಟ್ ಆಗ್ತಿದ್ರೆ ದಾವಣಗೆರೆ ಇಎಸ್‌ಐ ಆಸ್ಪತ್ರೆಯಿಂದಲೇ ಶುರು ಮಾಡಿ, ಅಲ್ಲಿಂದ ರೆಫರ್ ಆಗಿ ಬಂದ ಶಿಫಾರಸಿಗೆ ಇರೋ ಬೆಲೆ ಹೊರಗಿನ ಚೀಟಿಗೆ ಇಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಆಸ್ಪತ್ರೆ ಒಳಗಿನ ಚಿಕಿತ್ಸೆಗೆ ಇರೋದು, ಮನೆ ಮಷಿನ್ನಿಗೆ ಅದನ್ನ ಹಿಡ್ಕೊಂಡು ಓಡಾಡಬೇಡಿ.

ಅಡ್ಮಿಟ್ ಆಗಿಬಿಡಿ ಅನ್ನೋರ ಮಾತು ಕೇಳ್ಬೇಡಿ

ಇದನ್ನ ಬೇರೆಯಾಗೇ ಹೇಳ್ಬೇಕು. ಒಬ್ಬ ಪುಣ್ಯಾತ್ಮ ನನಗೆ "ಎರಡು ದಿನ ಅಡ್ಮಿಟ್ ಆಗಿ ಸಾರ್, ಮಷಿನ್ ದುಡ್ಡನ್ನ ಬಿಲ್ಲಲ್ಲಿ ಬೇರೆ ಹೆಸರಲ್ಲಿ ಸೇರಿಸ್ತೀವಿ" ಅಂದ. ಮಾಡಬೇಡ್ರಿ. ಬರೀ ಪರೀಕ್ಷೆ ಮಾಡಿಸೋಕೆ ಅಡ್ಮಿಟ್ ಆದ್ರೆ ಅದು ಎಲ್ಲಾ ಪಾಲಿಸಿಗೂ ಕಾಮನ್ ಆಗಿರೋ, ಇವು ಸೇರಲ್ಲ ಅನ್ನೋ ಪಟ್ಟಿಯ ನಾಲ್ಕನೇ ಎಕ್ಸ್‌ಕ್ಲೂಷನ್‌ಗೆ ಬೀಳುತ್ತೆ, ಅದು ಬಿಟ್ಟು ಸುಳ್ಳು ಬಿಲ್ ಅಂತ ಗೊತ್ತಾದ್ರೆ ಪಾಲಿಸಿನೇ ಕ್ಯಾನ್ಸಲ್ ಮಾಡ್ತಾರೆ. 54,000ಕ್ಕೆ ಆಸೆ ಬಿದ್ದು ಮುಂದೆ ಆಂಜಿಯೋಪ್ಲಾಸ್ಟಿಗೆ ಬೇಕಾಗೋ 4 ಲಕ್ಷ ಕಳ್ಕೊಳ್ಳೋ ವ್ಯಾಪಾರ ಅದು.

ಡಾಕ್ಟರ್ ಪತ್ರ

ಹಳೇ ಸ್ಲೀಪ್ ಸ್ಟಡಿ ರಿಪೋರ್ಟ್ ಹುಡುಕಿ. ನನ್ನದರಲ್ಲಿ ಎಎಚ್‌ಐ 46 ಅಂತ ಇತ್ತು. ಎಎಚ್‌ಐ ಅಂದ್ರೆ ನಿದ್ದೇಲಿ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಅರ್ಧ ಆಯ್ತು ಅನ್ನೋ ಲೆಕ್ಕ, 5ರಿಂದ 15 ಮೈಲ್ಡ್, 30ರವರೆಗೆ ಮಾಡರೇಟ್, ಅದರ ಮೇಲೆ ಸಿವಿಯರ್. ಆದ್ರೆ ಎಂಟು ವರ್ಷದ ಹಿಂದಿನ ರಿಪೋರ್ಟ್ ಕೊಟ್ರೆ "ಈಗ ಇದೆಯೋ ಇಲ್ಲವೋ" ಅಂತ ಕೇಳ್ತಾರೆ, ಕೇಳೋದು ನ್ಯಾಯನೇ, ತೂಕ ಇಳಿದವರಿಗೆ ಎಎಚ್‌ಐ ಕಮ್ಮಿ ಆಗಿರಬಹುದು. ಅದಕ್ಕೆ ಹೊಸದಾಗಿ ಒಂದು ಸ್ಟಡಿ ಮಾಡಿಸೋದು ವಾಸಿ. ರಾತ್ರಿ ಪೂರ್ತಿ ಆಸ್ಪತ್ರೇಲಿ ತಲೆಗೆಲ್ಲಾ ವೈರ್ ಹಾಕಿ ಮಾಡೋದು ಲೆವೆಲ್ 1, ಮನೇಲೇ ಬೆರಳಿಗೆ ಕ್ಲಿಪ್, ಎದೆಗೆ ಬೆಲ್ಟ್, ಮೂಗಿಗೆ ಸಣ್ಣ ನಳಿಕೆ ಹಾಕ್ಕೊಂಡು ಮಲಗೋದು ಲೆವೆಲ್ 3. ನಮ್ಮ ಪಲ್ಮನಾಲಜಿಸ್ಟ್ (ಶ್ವಾಸಕೋಶದ ಡಾಕ್ಟರ್) ಲೆವೆಲ್ 3 ಸಾಕು ಅಂದ್ರು, ಡಯಾಗ್ನೋಸಿಸ್ ಗೊತ್ತಿರೋದೇ ಅಲ್ವಾ. ಆ ಒಂದು ರಾತ್ರಿ ಮಷಿನ್ ಇಲ್ಲದೆ ಮಲಗಬೇಕು, ಮನೆಯವ್ರು ಹಾಲ್‌ಗೆ ಹೋಗಿ ಮಲಗಿದ್ರು. ಎಎಚ್‌ಐ 41 ಬಂತು.

ಮೊದಲನೇ ಸಲ ನಾನು ತಗೊಂಡು ಹೋದ ಚೀಟೀಲಿ ಡಾಕ್ಟರ್ ಅಡ್ವೈಸ್ಡ್ ನ್ಯೂ ಸಿಪ್ಯಾಪ್ ಅಂತ ಮೂರು ಪದ ಬರೆದಿದ್ರು. ಪಾಪ, ಹೊರಗೆ ನಲವತ್ತು ಜನ ಕೂತಿದ್ರು, ಅವರದ್ದು ತಪ್ಪಲ್ಲ. ಎರಡನೇ ಸಲ ನಾನೇ ಒಂದು ಪುಟ ಡ್ರಾಫ್ಟ್ ಟೈಪ್ ಮಾಡ್ಕೊಂಡು ಮಧ್ಯಾಹ್ನ ಒಪಿಡಿ ಖಾಲಿ ಆಗೋ ಹೊತ್ತಿಗೆ ಹೋದೆ, "ಸಾರ್, ಇದರಲ್ಲಿ ಸರಿ ಇಲ್ಲದ್ದು ಹೊಡೆದುಹಾಕಿ ನಿಮ್ಮ ಲೆಟರ್‌ಹೆಡ್ಡಲ್ಲಿ ಕೊಡ್ರಿ" ಅಂದೆ. ಅವರು ಎರಡು ಸಾಲು ಹೊಡೆದ್ರು, ಒಂದು ಸಾಲು ಸೇರಿಸಿದ್ರು, ಅದೇ ಗೆದ್ದಿದ್ದು.

ಪತ್ರದಲ್ಲಿ ಏನಿರಬೇಕು ಅಂದ್ರೆ, ಕಾಯಿಲೆ ಹೆಸರು ಪೂರ್ತಿಯಾಗಿ, ಹಳೇ ಎಎಚ್‌ಐ ಹೊಸ ಎಎಚ್‌ಐ ಎರಡೂ ತಾರೀಖಿನ ಸಮೇತ, ಜೊತೇಲಿ ಬಿಪಿ, ಶುಗರ್, ಹಾರ್ಟಿನ ತೊಂದ್ರೆ ಏನಿದ್ರೂ ಅದು, ಎಷ್ಟು ಪ್ರೆಷರ್ ಬೇಕು, ನೀವು ಮಷಿನ್ನನ್ನ ನಿಜವಾಗಿ ಎಷ್ಟು ಬಳಸ್ತಿದ್ದೀರಿ, ಈಗಿನ ಮಷಿನ್ ಆ ಪ್ರೆಷರ್ ಕೊಡ್ತಿಲ್ಲ ಅನ್ನೋದು, ಚಿಕಿತ್ಸೆ ನಿಂತ್ರೆ ಏನಾಗುತ್ತೆ ಅನ್ನೋದು, ಮತ್ತೆ ಪಾಲಿಸಿ ಕಲಂ ಯಾವ ಪದ ಬಳಸಿದೆಯೋ ಅದೇ ಪದ. ನಮ್ಮ ಕಲಂನಲ್ಲಿ ಡಾಕ್ಟರ್ ಸಲಹೆ, ವಿಶೇಷ ಸಂದರ್ಭ, ಮನೇಲಿ ಬಳಕೆ ಅಂತ ಇತ್ತಲ್ಲ, ಪತ್ರದಲ್ಲೂ ಆ ಮೂರು ಇತ್ತು, ಯಾಕೆ ವಿಶೇಷ ಅಂತ ಕಾರಣನೂ ಇತ್ತು. ಡಾಕ್ಟರ್ ಸೇರಿಸಿದ ಸಾಲು ಏನಪ್ಪಾ ಅಂದ್ರೆ, ಈ ಕಾಯಿಲೆಗೆ ಮಾತ್ರೆ ಬದಲಿ ಇಲ್ಲ, ಈ ಪೇಷೆಂಟ್‌ಗೆ ಮಷಿನ್ನೇ ಚಿಕಿತ್ಸೆ ಅಂತ. ಅದು ನನಗೆ ಹೊಳೆದೇ ಇರಲಿಲ್ಲ.

ಪೇಷೆಂಟ್ ಕೇಳಿಕೊಂಡಿದ್ದಕ್ಕೆ ಕೊಟ್ಟಿದ್ದು ಅಂತ ಪತ್ರದ ಕೆಳಗೆ ರೂಢಿ ಮೇಲೆ ಬರೆದುಬಿಡ್ತಾರೆ, ಅದನ್ನ ತೆಗೆಸಿ.

ಮಷಿನ್ ಕೆಟ್ಟಿದೆ ಅನ್ನೋದಕ್ಕೆ ಸಾಕ್ಷಿ

ನನ್ನ ಮೊದಲ ಅರ್ಜಿ ಬಿದ್ದಿದ್ದಕ್ಕೆ ಇನ್ನೊಂದು ಕಾರಣ ಇದು. ಟೆಕ್ನಿಷಿಯನ್ ಮನೆಗೆ ಬಂದ, ಸ್ವಿಚ್ ಹಾಕಿದ, ಗಾಳಿ ಬಂತು, ಸರ್ವಿಸ್ ಸ್ಲಿಪ್ಪಲ್ಲಿ ಮಷಿನ್ ಆನ್ ಆಗ್ತಿದೆ, ಸೌಂಡ್ ಇದೆ ಅಂತ ಬರೆದು ಹೋದ. ಟಿಪಿಎ ಅವರು ಅದೇ ಸ್ಲಿಪ್ ಹಿಡ್ಕೊಂಡು ಮಷಿನ್ ಓಡ್ತಿದೆಯಲ್ಲ ಅಂದ್ರು. ಆನ್ ಆಗೋದು ಬೇರೆ, ಬೇಕಾದಷ್ಟು ಪ್ರೆಷರ್ ಕೊಡೋದು ಬೇರೆ. ಮಾನೋಮೀಟರ್ ಅಂತ ಸಣ್ಣ ಉಪಕರಣ ಇರುತ್ತೆ, ಪೈಪಿಗೆ ಸಿಗಿಸಿ ನೋಡಿದ್ರೆ ನಿಜ ಪ್ರೆಷರ್ ಗೊತ್ತಾಗುತ್ತೆ. ಎರಡನೇ ಸಲ ಅದನ್ನ ತರಿಸಿದೆ, ಮಷಿನ್ನಲ್ಲಿ 11 ಇಟ್ರೆ ಬರ್ತಾ ಇದ್ದಿದ್ದು 8. ಸೀರಿಯಲ್ ನಂಬರ್, ಓಡಿರೋ ಗಂಟೆ, ಇಟ್ಟ ಪ್ರೆಷರ್, ಬಂದ ಪ್ರೆಷರ್, ರಿಪೇರಿ ಮಾಡಿಸಿ ಪ್ರಯೋಜನ ಇಲ್ಲ ಅನ್ನೋ ಮಾತು, ಇಷ್ಟನ್ನ ಲೆಟರ್‌ಹೆಡ್ ಮೇಲೆ ಸೀಲ್ ಹಾಕಿಸಿ ತಗೊಳ್ಳಿ.

ಫಿಲ್ಟರ್ ವಿಷಯಾನೂ ಇಲ್ಲೇ ಹೇಳ್ಬೇಕು. ನಮ್ಮೂರ ಧೂಳು ಗೊತ್ತಲ್ಲ, ಭಟ್ಟಿ ಹೊಗೆ, ಅಕ್ಕಿ ಮಿಲ್ಲಿನ ಹೊಟ್ಟು, ಹೈವೇ ಪಕ್ಕ ಇದ್ರಂತೂ ಮುಗೀತು, ಬಿಳಿ ಫಿಲ್ಟರ್ ಎರಡು ವಾರಕ್ಕೆ ಕಾಡಿಗೆ ಬಣ್ಣ ಆಗುತ್ತೆ. ಫಿಲ್ಟರ್ ಬದಲಾಯಿಸಿದ ಬಿಲ್ಲುಗಳು ಇದ್ರೆ ಜೋಡಿಸಿ, ಇಲ್ಲಾಂದ್ರೆ ಧೂಳು ಹೋಗಿ ಕೆಟ್ಟಿದೆ, ನಿಮ್ಮದೇ ನಿರ್ಲಕ್ಷ್ಯ ಅಂತ ಹೇಳೋಕೆ ದಾರಿ ಆಗುತ್ತೆ.

ಇನ್ನು ಡೇಟಾ. ಸುಮಾರು ಮಷಿನ್‌ಗಳಲ್ಲಿ ಎಸ್‌ಡಿ ಕಾರ್ಡ್ ಇರುತ್ತೆ, ದಿನಾ ಎಷ್ಟು ಗಂಟೆ ಹಾಕ್ಕೊಂಡ್ರಿ, ಮಾಸ್ಕ್ ಎಷ್ಟು ಲೀಕ್, ಹಾಕ್ಕೊಂಡಾಗಲೂ ಉಳಿದ ಎಎಚ್‌ಐ ಎಷ್ಟು ಎಲ್ಲಾ ಅದರಲ್ಲಿದೆ. ಡೀಲರ್ ಪ್ರಿಂಟ್ ಕೊಡ್ತಾನೆ, ಕೊಡಲ್ಲ ಅಂದ್ರೆ ಆಸ್ಕರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಲ್ಯಾಪ್‌ಟಾಪಿಗೆ ಕಾರ್ಡ್ ಹಾಕಿ ಓದಬಹುದು, ಹಾಕೋ ಮೊದಲು ಕಾರ್ಡಿನ ಪಕ್ಕದ ಲಾಕ್ ಎಳೀರಿ, ಡೇಟಾ ಅಳಿಸಿ ಹೋಗಬಾರದು. ನನ್ನ ಪ್ರಿಂಟಲ್ಲಿ ಎರಡು ಕಥೆ ಇತ್ತು, ಹಿಂದಿನ ಆರು ತಿಂಗಳು 4 ಗಂಟೆಗಿಂತ ಕಮ್ಮಿ ಹಾಕ್ಕೊಂಡಿದ್ದ ರಾತ್ರಿ ಬೆರಳೆಣಿಕೆ, ಆದ್ರೂ ಉಳಿದ ಎಎಚ್‌ಐ 2ರಿಂದ 9ಕ್ಕೆ ಏರಿತ್ತು. ಮನುಷ್ಯ ಸರಿಯಾಗಿ ಬಳಸ್ತಿದ್ದಾನೆ, ಮಷಿನ್ ಕೈ ಕೊಡ್ತಿದೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ. ನೀವು ವಾರಕ್ಕೆ ಎರಡು ದಿನ ಹಾಕ್ಕೊಳ್ಳೋರಾದ್ರೆ ಮಾತ್ರ ಈ ಪ್ರಿಂಟೇ ನಿಮ್ಮ ಶತ್ರು, ಮೊದಲು ಎರಡು ಮೂರು ತಿಂಗಳು ಸರಿಯಾಗಿ ಹಾಕ್ಕೊಳ್ಳಿ, ಆಮೇಲೆ ಅರ್ಜಿ.

ಕೊಳ್ಳೋ ಮೊದಲು ಈಮೇಲ್

ಕೊಟೇಶನ್ ತಗೊಂಡು, ಮೇಲಿನ ಕಾಗದಗಳ ಜೊತೆ ಟಿಪಿಎಗೆ ಮತ್ತು ಇನ್ಶೂರೆನ್ಸ್ ಕಂಪನಿಗೆ ಇಬ್ಬರಿಗೂ ಈಮೇಲ್ ಹಾಕಿ, ಇಂಥಾ ಕಲಂ ಪ್ರಕಾರ ಒಪ್ಪಿಗೆ ಕೊಡಿ ಅಂತ. ಫೋನಲ್ಲಿ ಮಾತಾಡಿದ್ದಕ್ಕೆ ಲೆಕ್ಕ ಇಲ್ಲ, ನನಗೆ ಫೋನಲ್ಲಿ ಒಬ್ಬ ಹುಡುಗಿ "ಆಗುತ್ತೆ ಸಾರ್" ಅಂದಿದ್ಲು, ಮುಂದಿನ ವಾರ ಇನ್ನೊಬ್ಬ "ಹಂಗೆ ಯಾರು ಹೇಳಿದ್ರು" ಅಂದ. ಕಾಗದದ ಕೊನೇಲಿ ನಿಮ್ಮ ಪಾಲಿಸಿ ನಂಬರ್, ಎಂಪ್ಲಾಯಿ ನಂಬರ್ ಬರೀರಿ, ಅಟ್ಯಾಚ್ಮೆಂಟ್ ಒಂದೇ ಪಿಡಿಎಫ್ ಮಾಡಿ, ಹತ್ತು ಜೆಪೆಗ್ ಕಳಿಸಿದ್ರೆ ಮೂರು ಕಾಣೆ ಆಗ್ತವೆ.

ಬಿಲ್ ಪೇಷೆಂಟ್ ಹೆಸರಲ್ಲೇ ಇರಬೇಕು, ಆಧಾರಲ್ಲಿ ಇರೋ ಸ್ಪೆಲ್ಲಿಂಗಲ್ಲೇ. ಜಿಎಸ್‌ಟಿ ನಂಬರ್, ಹೊಸ ಮಷಿನ್ನಿನ ಸೀರಿಯಲ್ ನಂಬರ್ ಬೇಕೇ ಬೇಕು. ಮಷಿನ್, ಮಾಸ್ಕ್, ಪೈಪು, ಫಿಲ್ಟರ್ ಬೇರೆ ಬೇರೆ ಸಾಲಲ್ಲಿ ಹಾಕಿಸಿ. ನನ್ನ ಬಿಲ್ 62,300 ಇತ್ತು, ಗಾಳಿಗೆ ತೇವ ಕೊಡೋ ಹ್ಯೂಮಿಡಿಫೈಯರ್ ಸೇರಿ ಮಷಿನ್ 54,000, ಮಾಸ್ಕ್ 6,500, ಪೈಪು ಫಿಲ್ಟರ್ 1,800. ಕೊನೆಗೆ ಮಾಸ್ಕು ಪೈಪು ಕನ್ಸ್ಯೂಮಬಲ್ (ಬಳಸಿ ಬದಲಾಯಿಸೋ ಸಾಮಾನು) ಅಂತ 8,300 ಕತ್ತರಿಸಿದ್ರು, ಒಂದೇ ಸಾಲಲ್ಲಿ ಸಿಪ್ಯಾಪ್ ಸೆಟ್ ಅಂತ ಇದ್ದಿದ್ರೆ ಎಲ್ಲಾದಕ್ಕೂ ಪ್ರಶ್ನೆ ಹಾಕ್ತಿದ್ರು. ಯುಪಿಐ ಅಥವಾ ಕಾರ್ಡಲ್ಲಿ ಕೊಡಿ, ಕ್ಯಾಶ್ ಕೊಟ್ಟು ಡಿಸ್ಕೌಂಟ್ ತಗೊಂಡ್ರೆ ಪ್ರೂಫ್ ಇರಲ್ಲ. ಕ್ಲೇಮ್ ಫಾರಂ ಎರಡು ಭಾಗ, ಮೊದಲನೇದು ನಾವು ತುಂಬೋದು, ಎರಡನೇದು ಆಸ್ಪತ್ರೆ ಕಡೆಯಿಂದ ಸಹಿ ಸೀಲ್. ಎಷ್ಟು ದಿನದೊಳಗೆ ಕೊಡಬೇಕು ಅಂತ ಪಾಲಿಸೀಲಿ ಇರುತ್ತೆ, ಅದನ್ನ ಕ್ಯಾಲೆಂಡರಲ್ಲಿ ಗುರ್ತು ಹಾಕ್ಕೊಳ್ಳಿ.

ರಿಜೆಕ್ಟ್ ಆದ್ರೆ

ಆಗುತ್ತೆ. ನನಗೆ ಬಂದ ಮೆಸೇಜ್ ಒಂದೇ ಸಾಲು, ಎಕ್ಸ್‌ಟರ್ನಲ್ ಇಕ್ವಿಪ್ಮೆಂಟ್ ನಾಟ್ ಪೇಯಬಲ್ ಅಂತ. ಡೆಸ್ಕಲ್ಲಿ ಕೂತೋರು ದಿನಕ್ಕೆ ನೂರು ಕ್ಲೇಮ್ ನೋಡ್ತಾರೆ, ಸಿಪ್ಯಾಪ್ ಅಂದ ಕೂಡ್ಲೇ ರಿಟೇಲ್ ಪಾಲಿಸಿ ಅಭ್ಯಾಸದಲ್ಲಿ ಇಲ್ಲ ಅಂತ ಒತ್ತಿಬಿಡ್ತಾರೆ. ಮೊದಲ ಕೆಲಸ, ಯಾವ ಕಲಂ ನಂಬರ್ ಪ್ರಕಾರ ರಿಜೆಕ್ಟ್ ಮಾಡಿದ್ರಿ ಅಂತ ಬರವಣಿಗೇಲಿ ಕೇಳಿ. 2024ರ ಐಆರ್‌ಡಿಎಐ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಲೇಮ್ ರಿವ್ಯೂ ಕಮಿಟಿ ಒಪ್ಪದೆ ಕಂಪನಿ ಕ್ಲೇಮ್ ತಿರಸ್ಕರಿಸೋ ಹಂಗಿಲ್ಲ, ಕಮಿಟಿ ನೋಡಿದೆಯಾ ಅಂತಾನೂ ಅದೇ ಈಮೇಲಲ್ಲಿ ಕೇಳಿ. ನಾನು ಕೇಳಿದ್ಮೇಲೆ ಒಂಬತ್ತು ದಿನ ಉತ್ತರನೇ ಇಲ್ಲ, ಆಮೇಲೆ ಬಂದ ಉತ್ತರದಲ್ಲಿ ಅವರು ತೋರಿಸಿದ ಕಲಂ ನಮ್ಮ ಪಾಲಿಸೀಲಿ ಇರಲೇ ಇಲ್ಲ, ಬೇರೆ ಯಾವುದೋ ಪಾಲಿಸಿದು. ಅಲ್ಲಿಗೆ ನನಗೆ ಧೈರ್ಯ ಬಂತು.

ಕೆಲವರಿಗೆ ದಪ್ಪ ಇದ್ದೀರಿ, ಬೊಜ್ಜಿನ ಚಿಕಿತ್ಸೆ ಸೇರಲ್ಲ ಅಂತ ಆರನೇ ಎಕ್ಸ್‌ಕ್ಲೂಷನ್ ತೋರಿಸ್ತಾರಂತೆ. ತಮಾಷೆ ಏನಂದ್ರೆ ಆ ಎಕ್ಸ್‌ಕ್ಲೂಷನ್ನಿನ ಒಳಗೇ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 35ರ ಮೇಲಿದ್ದು ಸಿವಿಯರ್ ಸ್ಲೀಪ್ ಆಪ್ನಿಯಾ ಇದ್ರೆ ಬೊಜ್ಜಿನ ಆಪರೇಷನ್ನಿಗೂ ವಿನಾಯಿತಿ ಅಂತ ಇದೆ. ಅಂದ್ರೆ ಇದು ದೊಡ್ಡ ಕಾಯಿಲೆ ಅಂತ ಅವರ ಪುಸ್ತಕನೇ ಒಪ್ಪಿದೆ. ಮಷಿನ್ ಬೊಜ್ಜಿಗಲ್ಲ, ಉಸಿರಿಗೆ ಅಂತ ಒಂದು ಸಾಲು ಬರೆದು ಇದನ್ನೂ ತೋರಿಸಿ.

ಆಮೇಲೆ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಬರೀರಿ, ಜೊತೆಗೇ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಲ್ಲಿ ಹಾಕಿ, ಫೋನಲ್ಲಿ ಹೇಳೋರಿಗೆ 155255. ನನ್ನದು ಇಲ್ಲಿಗೇ ಇತ್ಯರ್ಥ ಆಯ್ತು. ಹೊಸ ಡಾಕ್ಟರ್ ಪತ್ರ, ಮಾನೋಮೀಟರ್ ರಿಪೋರ್ಟು, ನಮ್ಮ ಕಲಂನ ಪುಟ ಹಳದಿ ಗೆರೆ ಎಳೆದು, ಅವರು ತೋರಿಸಿದ ಕಲಂ ನಮ್ಮದಲ್ಲ ಅನ್ನೋ ಎರಡು ಪ್ಯಾರಾ, ಇಷ್ಟೇ ಕಳಿಸಿದ್ದು. ಸಿಟ್ಟಿನ ಮಾತು ಒಂದೂ ಬರೆಯಲಿಲ್ಲ, ಬರೆದು ಅಳಿಸಿದ್ದು ಬೇಕಾದಷ್ಟಿದೆ.

ಅಲ್ಲೂ ಆಗಲಿಲ್ಲ ಅಂದ್ರೆ, ಅಥವಾ ಒಂದು ತಿಂಗಳು ಉತ್ತರನೇ ಇಲ್ಲ ಅಂದ್ರೆ, ಇಂಥ ದೂರು ವಿಚಾರಿಸಿ ತೀರ್ಪು ಕೊಡೋ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಆಫೀಸ್ ಬೆಂಗಳೂರು ಜೆಪಿ ನಗರದಲ್ಲಿದೆ, ಹಂಗಂತ ಇಂಟರ್‌ಸಿಟಿ ಹತ್ತಬೇಕಿಲ್ಲ, ದೂರು ಆನ್‌ಲೈನಲ್ಲೇ ಕೊಡಬಹುದು, ವಿಚಾರಣೆ ವಿಡಿಯೋದಲ್ಲೂ ನಡೆಯುತ್ತೆ. ಫೀಸ್ ಇಲ್ಲ, ಲಾಯರ್ ಬೇಡ, ಗ್ರೂಪ್ ಪಾಲಿಸಿಯವರೂ ಹೋಗಬಹುದು, ಕಂಪನಿ ಕೊನೇ ಉತ್ತರ ಕೊಟ್ಟ ಒಂದು ವರ್ಷದೊಳಗೆ ಹೋಗ್ಬೇಕು. ದಾವಣಗೆರೆ ಜಿಲ್ಲಾ ಗ್ರಾಹಕರ ಆಯೋಗದ ದಾರೀನೂ ಇದೆ, ಎರಡು ವರ್ಷದ ಅವಧಿ, ಆದ್ರೆ ಅಲ್ಲಿ ಕೇಸ್ ಹಾಕಿದ್ಮೇಲೆ ಓಂಬುಡ್ಸ್‌ಮನ್ ನಿಮ್ಮದನ್ನ ಮುಟ್ಟಲ್ಲ. ಅದಕ್ಕೆ ಓಂಬುಡ್ಸ್‌ಮನ್ ಮೊದಲು ನೋಡಿ ಅಂತ ನನ್ನ ಅಭಿಪ್ರಾಯ. ಇನ್ನೊಂದು ಮಾತು, ನಿಮ್ಮ ಪಾಲಿಸೀಲಿ ಸಿಪ್ಯಾಪ್ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದ್ರೆ ಇಷ್ಟು ದೂರ ಹೋಗೋದು ದಂಡ, ಆ ಶಕ್ತೀನ ಡೀಲರ್ ಹತ್ರ ಕಂತಿಗೆ ಮಾತಾಡೋಕೆ ಬಳಸಿ.

ಅಲ್ಲಿವರೆಗೆ ನಿದ್ದೆ ಹೆಂಗೆ

ನಾಲ್ಕು ತಿಂಗಳು ಮಷಿನ್ ಇಲ್ಲದೆ ಮಲಗಬೇಡಿ. ನಾನು ಒಂದು ತಿಂಗಳು ಬಾಡಿಗೆಗೆ ತಂದೆ, ಬಾಡಿಗೆ ರಸೀದೀನೂ ಕ್ಲೇಮ್ ಫೈಲಲ್ಲಿ ಹಾಕಿದೆ, ನಮ್ಮ ಕಲಂನಲ್ಲಿ ಬಾಡಿಗೆ ಮೊದಲೇ ಇದೆಯಲ್ಲ. ಮಗ್ಗುಲಾಗಿ ಮಲಗಿದ್ರೆ ಸ್ವಲ್ಪ ವಾಸಿ, ರಾತ್ರಿ ಗುಂಡು ಹಾಕೋ ಅಭ್ಯಾಸ ಇರೋರು ಅಷ್ಟು ದಿನ ಬಿಡಿ, ಗಂಟಲಿನ ಸ್ನಾಯು ಇನ್ನೂ ಸಡಿಲ ಆಗುತ್ತೆ. ಹಗಲು ತೂಕಡಿಕೆ ಇದ್ರೆ ಬೈಕ್ ತಗೊಂಡು ಹೈವೇಗೆ ಹೋಗ್ಬೇಡಿ, ಹರಿಹರ ಹತ್ತಿರನೇ ಇರಬಹುದು, ಬಸ್ಸಲ್ಲಿ ಹೋಗಿ.

ಹಳೇ ಮಷಿನ್ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ, ದುಡ್ಡು ಅಕೌಂಟಿಗೆ ಬರೋವರೆಗೆ ಇರಲಿ, ಅವರು ತೋರಿಸಿ ಅಂದ್ರೆ ಎಲ್ಲಿಂದ ತರ್ತೀರಿ. ಹೊಸ ಮಷಿನ್ನಿಗೆ ಯುಪಿಎಸ್ ಲೈನಿಂದ ಪಾಯಿಂಟ್ ಎಳೆಸಿ, ಬೆಸ್ಕಾಂ ಕರೆಂಟ್ ಮಳೆಗಾಲದಲ್ಲಿ ಹೆಂಗೆ ಅಂತ ಹೇಳಬೇಕಿಲ್ಲ.

ಮತ್ತೆ ಆ ಬಿಲ್. 2017ರ ನನ್ನ ಬಿಲ್ ಥರ್ಮಲ್ ಪೇಪರಲ್ಲಿ ಇತ್ತು, ಫೈಲ್ ತೆಗೆದು ನೋಡಿದ್ರೆ ಬಿಳಿ ಹಾಳೆ, ಒಂದು ಅಕ್ಷರ ಇಲ್ಲ. ಮಷಿನ್ ಯಾವಾಗ ತಗೊಂಡಿದ್ದು ಅಂತ ತೋರಿಸೋಕೆ ಹಳೇ ಪಾಸ್‌ಬುಕ್ ಎಂಟ್ರಿ ಹುಡುಕೋಕೆ ಎರಡು ದಿನ ಹಿಡೀತು, ಬ್ಯಾಂಕಲ್ಲಿ ಕೆಲಸ ಮಾಡೋನಿಗೇ ಹಿಂಗೆ. ಹೊಸ ಬಿಲ್ ಬಂದ ದಿನನೇ ಝೆರಾಕ್ಸ್ ಮಾಡಿಸಿ, ಫೋಟೋ ತೆಗೆದು, ನನಗೂ ಮನೆಯವ್ರಿಗೂ ವಾಟ್ಸಾಪ್ ಮಾಡಿಟ್ಟಿದ್ದೀನಿ.